ಮೊಣಕಾಲಿನ ಮರುಶಸ್ತ್ರಚಿಕಿತ್ಸೆಗೆ ಗಣಕಯಂತ್ರದ ಮಾರ್ಗದರ್ಶನ

ಕಬಡ್ಡಿ, ಫುಟ್‌ಬಾಲ್ ಮುಂತಾದ ಆಟಗಳಲ್ಲಿ ಪಾದ ನೆಲದಲ್ಲಿ ಊರಿರುವಾಗಲೇ ದೇಹ ತಿರುಚಿಕೊಂಡರೆ ಮೊಣಕಾಲಿನೊಳಗಿನ ಮುಂಬದಿಯ ಅಡ್ಡ ಅಸ್ಥಿರಜ್ಜು ಹರಿಯುವುದುಂಟು. ವೈದ್ಯರು ಎ.ಸಿ.ಎಲ್. ಎಂದು ಕರೆಯುವ ಈ ರಜ್ಜು, ತೊಡೆಮೂಳೆಯನ್ನೂ ಅದರ ಕೆಳಗಿನ ಕಾಲುಮೂಳೆಯನ್ನೂ ಹಿಡಿದಿಡುವ ಕಟ್ಟು. ಎರಡೂ ಮೂಳೆಗಳಲ್ಲಿ ಸುರಂಗ ಕೊರೆದು, ಸಾಮಾನ್ಯವಾಗಿ ರೋಗಿಯದೇ ದೇಹದಿಂದ ತೆಗೆದ ಸ್ನಾಯುರಜ್ಜುವನ್ನು ಅವುಗಳ ಮೂಲಕ ಹಾಯಿಸಿ ಬಿಗಿಯುವುದೇ ಪುನರ್ರಚನಾ ಶಸ್ತ್ರಚಿಕಿತ್ಸೆ.

ಹೆಚ್ಚಿನವರಿಗೆ ಇದು ಫಲಕಾರಿ. ಆದರೆ ಕೆಲವರಲ್ಲಿ ಹೊಸ ರಜ್ಜುವೂ ಸಡಿಲಗೊಳ್ಳುತ್ತದೆ ಇಲ್ಲವೆ ಮತ್ತೆ ಹರಿಯುತ್ತದೆ. ಹೊಸ ಪೆಟ್ಟು ಒಂದು ಕಾರಣವಾದರೆ, ಸುರಂಗದ ಸ್ಥಾನ ತಪ್ಪಿರುವುದು ಇನ್ನೊಂದು ಮುಖ್ಯ ಕಾರಣ. ತೊಡೆಮೂಳೆಯ ಸುರಂಗ ತೀರಾ ಮುಂದಕ್ಕಿದ್ದರೆ, ಕಾಲು ಮಡಿಸಿದಾಗಲೆಲ್ಲ ರಜ್ಜು ಅತಿಯಾಗಿ ಬಿಗಿದು ಕ್ರಮೇಣ ಸೋಲುತ್ತದೆ.

ಎರಡನೆಯ ಬಾರಿಯ ಚಿಕಿತ್ಸೆ ಮೊದಲಿನದಕ್ಕಿಂತ ಕಠಿಣ. ಹಳೆಯ ಸುರಂಗ, ಅದರೊಳಗಿನ ತಿರುಪು, ಅಗಲಗೊಂಡ ರಂಧ್ರ ಇವೆಲ್ಲವೂ ಅಡ್ಡಿಯಾಗುತ್ತವೆ. ಸ್ಥಾನ ಗುರುತಿಸಲು ನೆರವಾಗುವ ಸಹಜ ಚಿಹ್ನೆಗಳೂ ಅಳಿಸಿರುತ್ತವೆ. ರಂಧ್ರ ತೀರಾ ದೊಡ್ಡದಾಗಿದ್ದರೆ ಮೊದಲು ಅದಕ್ಕೆ ಮೂಳೆ ತುಂಬಿ, ಕೆಲವು ತಿಂಗಳು ಕಾಯಬೇಕಾಗುತ್ತದೆ.

ಗಣಕಯಂತ್ರ ನೆರವಾಗುವುದು ಇಲ್ಲಿಯೇ. 1990ರ ದಶಕದಲ್ಲಿ ಫ್ರಾನ್ಸಿನಲ್ಲಿ ಎ.ಸಿ.ಎಲ್. ಚಿಕಿತ್ಸೆಗೆ ಇದರ ಆರಂಭಿಕ ಪ್ರಯೋಗಗಳು ನಡೆದವು. ತೊಡೆಮೂಳೆಗೂ ಕಾಲುಮೂಳೆಗೂ ಗುರುತುಗೋಲಗಳುಳ್ಳ ಚೌಕಟ್ಟುಗಳನ್ನು ಬಿಗಿಯುತ್ತಾರೆ. ಅತಿಗೆಂಪು ಕ್ಯಾಮೆರಾ ಅವುಗಳ ಚಲನೆಯನ್ನು ಅನುಸರಿಸುತ್ತದೆ. ವೈದ್ಯರು ಕೀಲಿನ ನಿರ್ದಿಷ್ಟ ಬಿಂದುಗಳನ್ನು ಸಲಾಕೆಯಿಂದ ಮುಟ್ಟಿ ದಾಖಲಿಸಿದ ಮೇಲೆ, ಹೊಸ ಸುರಂಗ ಎಲ್ಲಿ ಬರಬೇಕು, ಕಾಲು ಮಡಿಸಿದಾಗ ರಜ್ಜುವಿನ ಉದ್ದ ಎಷ್ಟು ಬದಲಾಗುತ್ತದೆ, ಮೂಳೆಗೆ ಅದು ಉಜ್ಜುತ್ತದೆಯೇ ಎಂಬುದನ್ನು ಪರದೆ ತೋರಿಸುತ್ತದೆ. ಕೀಲಿನ ಸಡಿಲತೆಯನ್ನು ಚಿಕಿತ್ಸೆಯ ಮುನ್ನ ಮತ್ತು ಅನಂತರ ಮಿಲಿಮೀಟರ್‌ಗಳಲ್ಲೂ ಡಿಗ್ರಿಗಳಲ್ಲೂ ಅಳೆದು ಹೋಲಿಸಬಹುದು.

ಇದು ಶಸ್ತ್ರವೈದ್ಯರ ಅನುಭವಕ್ಕೆ ಪರ್ಯಾಯವಲ್ಲ. ತೋರಿಸಿದ ಬಿಂದು ತಪ್ಪಿದರೆ ಯಂತ್ರದ ಲೆಕ್ಕವೂ ತಪ್ಪುತ್ತದೆ. ವೆಚ್ಚವೂ ಸಮಯವೂ ಹೆಚ್ಚು. ಚೌಕಟ್ಟಿಗಾಗಿ ಮೂಳೆಯಲ್ಲಿ ಬೇರೆ ರಂಧ್ರಗಳೂ ಬೇಕು. ಮೊಣಕಾಲಿನ ರಜ್ಜು ಪುನರ್ರಚನೆಯಲ್ಲಿ ಇದರಿಂದ ರೋಗಿಯ ಫಲಿತಾಂಶ ಉತ್ತಮಗೊಳ್ಳುತ್ತದೆಂಬುದಕ್ಕೆ ಆಧಾರ ದೊರೆತಿಲ್ಲವೆಂದು 2014ರ ಕಾಕ್ರೇನ್ ವಿಮರ್ಶೆ ಹೇಳಿದೆ.

ಆದುದರಿಂದ ಮರುಚಿಕಿತ್ಸೆಗೆ ಸಿದ್ಧರಾಗುವವರು ಯಂತ್ರದ ಹೆಸರಿಗೆ ಮಾರುಹೋಗದೆ, ಮೊದಲ ಚಿಕಿತ್ಸೆ ಏಕೆ ಸೋತಿತೆಂಬುದನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಹಿಂದಿನ ಶಸ್ತ್ರಚಿಕಿತ್ಸೆಯ ದಾಖಲೆಗಳನ್ನೂ ಸ್ಕ್ಯಾನ್ ಚಿತ್ರಗಳನ್ನೂ ಜೋಪಾನವಾಗಿರಿಸಿಕೊಂಡು ಅವರ ಮುಂದಿಡಬೇಕು. ಕಾರಣ ತಿಳಿದ ಮೇಲೆಯೇ ಸಾಧನದ ಆಯ್ಕೆ.