ಆ ಅಕ್ಕಿ ಎಲ್ಲಿಂದ ಬಂತು?

ಬಸವಕಲ್ಯಾಣದ ಕಡೆ ಹೋದರೆ ಮೋರಖಂಡಿ ಎಂಬ ಹಳ್ಳಿ ಸಿಗುತ್ತದೆ. ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ಬರುವ ಮಯೂರಖಂಡಿ ಇದೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಅರಸರು ಬೀಡು ಬಿಟ್ಟಿದ್ದ ಊರಂತೆ! ಆ ಅರಸೊತ್ತಿಗೆ ಈಗೆಲ್ಲಿ? ಆದರೆ ಪಕ್ಕದ ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಬಾಳಿದ ಬಡ ಗೃಹಿಣಿಯೊಬ್ಬಳ ಹೆಸರು ಇನ್ನೂ ನಮ್ಮ ನಾಲಿಗೆಯ ಮೇಲಿದೆ. ಆಕೆ ಆಯ್ದಕ್ಕಿ ಲಕ್ಕಮ್ಮ.

ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಬಂದ ದಂಪತಿ ಅವರು. ಗಂಡ ಮಾರಯ್ಯ ದಿನವೂ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದರಲ್ಲೇ ದಾಸೋಹ, ಅದರಲ್ಲೇ ಊಟ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದನಂತೆ. ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ನಾವಾಗಿದ್ದರೆ ಏನು ಮಾಡುತ್ತಿದ್ದೆವು ಹೇಳಿ? ‘ನಾಳೆಗಾಯಿತು’ ಎಂದು ಡಬ್ಬಿಗೆ ಸುರಿಯುತ್ತಿದ್ದೆವು! ಲಕ್ಕಮ್ಮ ಹಾಗೆ ಮಾಡಲಿಲ್ಲ. ನಮಗೆ ಬೇಕಾದಷ್ಟು ಸಾಕು, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ವಾಪಸು ಕಳಿಸಿದಳು.

ಅಧಿಕಾರದ ಆಸೆ ಬಿಟ್ಟವರ ಕಥೆಯೂ ಇದೇ ಸೀಮೆಯಲ್ಲಿದೆ. ಕಾಶ್ಮೀರದ ಸಿಂಹಾಸನ ಬಿಟ್ಟು ಬಂದ ಅರಸ ಕಲ್ಯಾಣದಲ್ಲಿ ಸೌದೆ ಹೊತ್ತು ಮಾರಿ ಮೋಳಿಗೆಯ ಮಾರಯ್ಯನಾದ. ರಾಣಿಯಾಗಿದ್ದ ಮಹಾದೇವಿ ಅದೇ ಗುಡಿಸಲಲ್ಲಿ ಒಲೆ ಹಚ್ಚಿದಳು. ಇನ್ನು ಕೀರ್ತಿಯ ಮಾತು. ಲಕ್ಕಮ್ಮ ವಚನ ಬರೆದಳು ನಿಜ, ಆದರೆ ಅಂಕಿತದಲ್ಲಿ ತನ್ನ ಹೆಸರಿಡಲಿಲ್ಲ. ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂದಷ್ಟೇ ಇಟ್ಟಳು.

‘ಅದೆಲ್ಲ ಶರಣರ ಕಾಲಕ್ಕೆ ಸರಿ, ನಮಗ್ಯಾಕೆ?’ ಅನ್ನಬೇಡಿ ಅಕ್ಕಂದಿರೇ. ಇಂದು ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಸ್ವಸಹಾಯ ಸಂಘದ ಪಾಸ್‌ಬುಕ್ಕು, ಲೆಕ್ಕದ ಪುಸ್ತಕ ನಮ್ಮ ಕೈಯಲ್ಲೇ ಇದೆ. ಹಬ್ಬದ ದಿನ ಗುತ್ತಿಗೆದಾರರ ಕಡೆಯಿಂದ ಸೀರೆ, ಬೆಳ್ಳಿ ಬಟ್ಟಲು ಬರುವುದೂ ಮನೆಯ ಹೆಂಗಸಿನ ಕೈಗೇ. ‘ಇಷ್ಟಕ್ಕೇನು ಮಹಾ’ ಎಂದು ಒಳಗಿಟ್ಟರೆ, ನಾಳೆ ಆತನ ಕಳಪೆ ಕೆಲಸದ ಬಗ್ಗೆ ಬಾಯಿ ಬಿಡುವುದು ಹೇಗೆ?

ಹಾಗಾಗಿ ಮೂರು ಪ್ರಶ್ನೆ ನೆನಪಿಟ್ಟುಕೊಳ್ಳಿ. ಇದು ಎಲ್ಲಿಂದ ಬಂತು? ನಮಗೆ ಎಷ್ಟು ಬೇಕು? ನನ್ನ ಹೆಸರು ಹೇಳದಿದ್ದರೂ ಈ ಕೆಲಸ ಮಾಡುತ್ತೇನೆಯೇ? ಗಂಡನನ್ನು ಜಗಳವಾಡದೆ ಕೇಳಿ, ಸಂಘದ ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರೆದುರು ಓದಿ, ಬಂದ ಉಡುಗೊರೆಯನ್ನು ಅಂದೇ ಹಿಂದಕ್ಕೆ ಕಳಿಸಿ. ರಾತ್ರಿ ಕಳೆದರೆ ಅದು ನಮ್ಮದೇ ಅನ್ನಿಸಿಬಿಡುತ್ತದೆ. ಲಕ್ಕಮ್ಮ ಬೆಳಗಿನವರೆಗೆ ಕಾಯಲಿಲ್ಲ, ನೋಡಿ.