ಮುಳ್ಳಿನ ಮಾತು

ತುಂಬಿದ ಕೊಡ ತುಳುಕುವುದಿಲ್ಲವೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ಗಾದೆ ನನಗೇ ಪಾಠವಾದದ್ದು ಕಳೆದ ಸಂಕ್ರಾಂತಿಯಂದು, ಒಂದು ಹಳೆಯ ಟ್ರಕ್ಕಿನ ದೆಸೆಯಿಂದ.

ನಮ್ಮ ತಾತನವರದು 1951ರ ಷೆವರ್ಲೆ ಪಿಕಪ್. ಜನರಲ್ ಮೋಟಾರ್ಸ್ ಸಂಸ್ಥೆಯು ಮುಂಬಯಿಯಲ್ಲಿ ವಾಹನಗಳನ್ನು ಜೋಡಿಸುತ್ತಿದ್ದ ಕಾಲದ್ದು. 1928ರಲ್ಲಿ ತೊಡಗಿದ ಆ ಕೆಲಸ 1954ರಲ್ಲಿ ನಿಂತಿತು. ಬೆಲ್ಲ ಹೊತ್ತು ದಣಿದು, ಮಂಡ್ಯದ ಮನೆಯ ಹಿತ್ತಿಲಲ್ಲಿ ಮಲಗಿದ್ದ ಅದನ್ನು ಅಣ್ಣನೂ ನಾನೂ ಎರಡು ವರ್ಷ ದುಡಿದು ಎಬ್ಬಿಸಿದೆವು. ಎಂಬತ್ತು ದಾಟಿದ ತಂದೆಯವರಿಗೆ ಅದರಲ್ಲಿಯೇ ಹುಟ್ಟೂರಿಗೆ ಹೋಗಿ, ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡುವ ಆಸೆ. ಮುಳ್ಳನ್ನು ನಂಬಿ ಹೊರಟೆವು. ಮದ್ದೂರು ದಾಟಿದೊಡನೆ ಎಂಜಿನ್ ಕೆಮ್ಮಿ ನಿಂತಿತು. ಪೆಟ್ರೋಲ್ ಮಾಪಕದ ಮುಳ್ಳು ಮಾತ್ರ, ತುಂಬಿದೆಯೆಂಬ ಗೆರೆಯನ್ನೂ ದಾಟಿ ನಿಂತಿತ್ತು!

ತಂದೆಯವರು ಸೀಟಿನ ಹಿಂದಿನ ಟ್ಯಾಂಕನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಡಣ್ಣೆಂದಿತು. "ಬರಿದು ಕಣ್ರೋ. ನಿಮ್ಮ ತಾತ ಮುಳ್ಳು ನೋಡ್ತಿರಲಿಲ್ಲ, ತಟ್ಟಿ ಕೇಳ್ತಿದ್ದರು" ಎಂದರು. ಕ್ಯಾನಿನಲ್ಲಿ ಪೆಟ್ರೋಲ್ ತಂದು ಊರು ಮುಟ್ಟುವಾಗ ಕತ್ತಲಾಗಿತ್ತು, ಕಿಚ್ಚು ಬೂದಿಯಾಗಿತ್ತು. ತಂದೆಯವರು ಏನೂ ಅನ್ನಲಿಲ್ಲ.

ಮರುದಿನ ಮೆಕ್ಯಾನಿಕ್ ಹುಡುಗ ನೋಡಿ, "ಅರ್ತ್ ಸಿಕ್ತಿಲ್ಲ ಸಾರ್" ಎಂದ. ಕನ್ನಡ ಮೇಷ್ಟರ ಕಿವಿಗೆ ಅದು 'ಅರ್ಥ'ವೆಂದೇ ಕೇಳಿಸಿತು. ಅವನೇ ಬಿಡಿಸಿ ಹೇಳಿದ. ಟ್ಯಾಂಕಿನೊಳಗಿನ ಬೆಂಡು ಪೆಟ್ರೋಲಿನೊಡನೆ ಏರಿಳಿಯುತ್ತ ವಿದ್ಯುತ್ತಿನ ಹಾದಿಯಲ್ಲಿ ತಡೆಯನ್ನು ಹೆಚ್ಚುಕಡಿಮೆ ಮಾಡುತ್ತದೆ: ಬರಿದಾದರೆ ಸೊನ್ನೆ, ತುಂಬಿದರೆ 30 ಓಮ್. ಆ ವಿದ್ಯುತ್ತು ಟ್ಯಾಂಕಿನ ಲೋಹದಿಂದ ಚಾಸಿಗೆ ಇಳಿಯಬೇಕು. ದಾರಿ ಕಡಿದರೆ ತಡೆ ಮಿತಿಮೀರಿ, ಮುಳ್ಳು ತುಂಬಿದ ಗೆರೆಯಾಚೆಗೆ ಹಾರುತ್ತದೆ. ಮಾಪಕದ ಬೆನ್ನಿಗೆ ಟ್ಯಾಂಕಿನ ತಂತಿ ಬಂದು ಸೇರುವ ತಿರುಪನ್ನು ಅವನು ಬಣ್ಣವಿಲ್ಲದ ಲೋಹಕ್ಕೆ ತಗುಲಿಸಿದ, ಮುಳ್ಳು ಸೊನ್ನೆಗಿಳಿಯಿತು. ಮಾಪಕ ನಿರ್ದೋಷಿ! ಬಳಿಕ ಬ್ಯಾಟರಿಯನ್ನು ಬಿಡಿಸಿಟ್ಟು, ಟ್ಯಾಂಕಿನಿಂದ ಚಾಸಿಗೆ ಹೊಸ ತಂತಿಯೊಂದನ್ನು ಬಿಗಿದ. ಬ್ಯಾಟರಿ ಜೋಡಿಸಿದಾಗ ಮುಳ್ಳು ನಿಜ ನುಡಿಯಿತು.

ತಪ್ಪು ಯಾರದು? ಟ್ಯಾಂಕಿಗೂ ಅದರ ಪಟ್ಟಿಗಳಿಗೂ ಎರಡೆರಡು ಸಲ ಬಣ್ಣ ಬಳಿಯಲೇಬೇಕೆಂದು ಹಟ ಹಿಡಿದವನು ನಾನು. ಆ ಬಣ್ಣವೇ ಲೋಹವನ್ನು ಲೋಹದಿಂದ ಅಗಲಿಸಿತ್ತು. ಹೊಳಪಿಗಾಗಿ ನೆಲದ ನಂಟು ಕಳೆದುಕೊಂಡರೆ ಬರಿದಾದದ್ದೂ ತುಂಬಿದಂತೆ ತೋರುತ್ತದೆ. ಪಾಠ ಹೇಳುವ ನಮ್ಮಂಥವರಿಗೂ ಈ ಮಾತು ಸಲ್ಲುತ್ತದೆ.

ಮುಂದಿನ ಸಂಕ್ರಾಂತಿಗೆ ಬೇಗನೆ ಹೊರಡುವುದೆಂದು ನಿಶ್ಚಯಿಸಿದ್ದೇವೆ. ಮುಳ್ಳು ಈಗ ಸುಳ್ಳಾಡುವುದಿಲ್ಲ. ಆದರೂ ಸೀಟಿನಲ್ಲಿ ಕುಳಿತೊಡನೆ ತಂದೆಯವರು ಟ್ಯಾಂಕನ್ನು ಒಮ್ಮೆ ತಟ್ಟುತ್ತಾರೆ, ನಾನು ಕಿವಿಗೊಡುತ್ತೇನೆ.