ಅನಿಮಿಷರ ನಿದ್ರೆ

ಅಮರಕೋಶದ ನಾನಾರ್ಥವರ್ಗದಲ್ಲಿ ‘ಅನಿಮಿಷ’ ಎಂಬ ಶಬ್ದಕ್ಕೆ ದೇವತೆ, ಮೀನು ಎಂಬ ಎರಡು ಅರ್ಥಗಳನ್ನು ಹೇಳಿದೆ. ರೆಪ್ಪೆ ಬಡಿಯದಿರುವುದೇ ಈ ಇಬ್ಬರಿಗೂ ಸಮಾನವಾದ ಲಕ್ಷಣ. ಚೀನ, ಜಪಾನುಗಳ ಬೌದ್ಧವಿಹಾರಗಳಲ್ಲಿ ಪಠನಕಾಲಕ್ಕೆ ಬಡಿಯುವ ಮರದ ವಾದ್ಯಕ್ಕೆ ಮೀನಿನ ರೂಪವನ್ನು ಕೊಟ್ಟಿರುವುದೂ, ಮೀನು ನಿರಂತರವಾದ ಎಚ್ಚರದ ಪ್ರತೀಕವೆಂಬ ಭಾವನೆಯಿಂದಲೇ. ಆದರೆ ತೆರೆದ ಕಣ್ಣು ಎಚ್ಚರಕ್ಕೆ ಸಾಕ್ಷ್ಯವಾದೀತೆ? ಹಾಗೆಯೇ, ಕಣ್ಣಿಗೆ ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷ್ಯವಾದೀತೆ? ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಈ ಪ್ರಶ್ನೆಗಳು ಕಡಲ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರಿಗೂ ಎದುರಾಗುತ್ತವೆ.

ಮೊದಲನೆಯ ಪ್ರಶ್ನೆಗೆ ಕ್ರಿ. ಪೂ. 4ನೆಯ ಶತಮಾನದಲ್ಲಿಯೇ ಅರಿಸ್ಟಾಟಲನು ಉತ್ತರವನ್ನಿತ್ತಿದ್ದನು. ಮೀನಿಗೆ ರೆಪ್ಪೆಯಿಲ್ಲವಾದುದರಿಂದ ಅದರ ನಿದ್ರೆಯನ್ನು ಕಣ್ಣಿನಿಂದಲ್ಲ, ನಡವಳಿಕೆಯಿಂದ ನಿರ್ಣಯಿಸಬೇಕೆಂಬುದು ಅವನ ವಾದದ ತಿರುಳು. ಬಾಲವನ್ನು ಮಾತ್ರ ಮೆಲ್ಲನೆ ಆಡಿಸುತ್ತ ನಿಶ್ಚಲವಾಗಿರುವ ಮೀನನ್ನು ಕೈಯಿಂದಲೇ ಹಿಡಿಯಬಹುದೆಂದೂ, ಚಪ್ಪಟೆ ಮೀನುಗಳು ಮರಳಿನಲ್ಲಿ ಹುದುಗಿ ಮಲಗುವುವೆಂದೂ, ಮರಳಿನ ಮೇಲೆ ಮೂಡಿದ ಆಕಾರವನ್ನು ಗುರುತಿಸಿ ಅವುಗಳನ್ನು ಈಟಿಯಿಂದ ತಿವಿಯುವರೆಂದೂ ಅವನು ಬರೆದಿದ್ದಾನೆ.

ಆದರೆ ಒಂದೇ ಮೀನನ್ನು ಹಗಲೂ ರಾತ್ರಿಯೂ ಬಿಡದೆ ನೋಡುವ ಅನುಕೂಲವು ಒದಗಿದುದು ಬಹುಕಾಲದ ಮೇಲೆ. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ ‘ದಿ ಅಕ್ವೇರಿಯಂ’ ಗ್ರಂಥವು ಪ್ರಕಟವಾಯಿತು. ಅಲ್ಲಿಂದೀಚೆಗೆ ಸಮುದ್ರದ ಒಂದು ತುಣುಕನ್ನು ಮನೆಯಲ್ಲಿಟ್ಟುಕೊಳ್ಳುವ ಹವ್ಯಾಸವು ಹಬ್ಬಿತು.

ಇಂತಹ ತೊಟ್ಟಿಯ ದೀಪವನ್ನು ಆರಿಸಿದ ಮೇಲೆ ನೋಡಿದರೆ, ಪ್ರತಿಯೊಂದು ಕುಲಕ್ಕೂ ತನ್ನದೇ ಆದ ಶಯನಕ್ರಮವುಂಟೆಂಬುದು ವಿದಿತವಾಗುತ್ತದೆ. ರಾಸ್ ಎಂಬ ಕುಲದ ಹಲವು ಮೀನುಗಳು ಮರಳಿನೊಳಕ್ಕೆ ನುಗ್ಗಿ ಮರೆಯಾಗುತ್ತವೆ. ಟ್ರಿಗರ್ ಮೀನು ಬಂಡೆಯ ಬಿರುಕನ್ನು ಹೊಕ್ಕು ಬೆನ್ನಿನ ಮುಳ್ಳನ್ನು ನಿಮಿರಿಸುತ್ತದೆ. ಎರಡನೆಯ ಮುಳ್ಳು ಮೊದಲನೆಯದಕ್ಕೆ ಅಗುಳಿಯಂತೆ ಸಿಕ್ಕಿಕೊಳ್ಳುವುದರಿಂದ ಅದನ್ನು ಹೊರಕ್ಕೆಳೆಯುವುದು ಕಷ್ಟಸಾಧ್ಯ. ಕ್ಲೌನ್ ಮೀನು ಚುಚ್ಚುವ ಎಳೆಗಳುಳ್ಳ ಕಡಲ ಅನಿಮೋನಿನ ನಡುವೆ ನಿರ್ಭಯವಾಗಿ ಒರಗುತ್ತದೆ. ಮೊಲಮೀನು ಮೈಬಣ್ಣವನ್ನೇ ಬದಲಿಸಿ ಕಲೆಕಲೆಯಾಗಿ ಕಾಣುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕಾರ್ಡಿನಲ್ ಮೀನಿನಂತಹ ನಿಶಾಚರಗಳು ಹಗಲಿನಲ್ಲಿ ಅಡಗಿದ್ದು ಕತ್ತಲಾದ ಮೇಲೆ ಆಹಾರಕ್ಕೆ ಹೊರಡುತ್ತವೆ.

ಇವೆಲ್ಲಕ್ಕಿಂತ ಸೋಜಿಗವಾದುದು ಗಿಳಿಮೀನಿನ ಹಾಸಿಗೆ. ಕೆಲವು ಜಾತಿಯ ಗಿಳಿಮೀನುಗಳು ರಾತ್ರಿ ಲೋಳೆಯನ್ನು ಸ್ರವಿಸಿ, ಮೈಸುತ್ತಲೂ ಪಾರದರ್ಶಕವಾದ ಚೀಲವನ್ನು ಕಟ್ಟಿಕೊಂಡು ಅದರೊಳಗೆ ಮಲಗುತ್ತವೆ. ಈ ಚೀಲದ ರಚನೆಯನ್ನು 1955ರಲ್ಲಿ ಹೋವರ್ಡ್ ವಿನ್ ವರ್ಣಿಸಿದನು. ಮೊರೆ ಎಂಬ ಹಾವುಮೀನಿನ ಬಾಯಿಂದ ಮಲಗಿದ ಮೀನನ್ನು ಇದು ಕಾಪಾಡಬಹುದೆಂದು 1959ರಲ್ಲಿ ವಿನ್ ಮತ್ತು ಬಾರ್ಡಕ್ ಸೂಚಿಸಿದರು. 2011ರಲ್ಲಿ ಅಲೆಕ್ಸಾಂಡ್ರ ಗ್ರಟರ್ ಮತ್ತು ಸಂಗಡಿಗರು ಬೇರೊಂದು ಪ್ರಯೋಜನವನ್ನು ಪರೀಕ್ಷಿಸಿದರು. ಚೀಲವಿಲ್ಲದ ಮೀನುಗಳಲ್ಲಿ ನೂರಕ್ಕೆ ಸುಮಾರು 94ಕ್ಕೆ ರಕ್ತಹೀರುವ ಸೂಕ್ಷ್ಮ ಜಲಕೀಟಗಳು ಮುತ್ತಿದರೆ, ಚೀಲವುಳ್ಳವುಗಳಲ್ಲಿ ನೂರಕ್ಕೆ 10ಕ್ಕೆ ಮಾತ್ರ ಮುತ್ತಿದುವು. ನಮ್ಮ ಮನೆಗಳ ಸೊಳ್ಳೆಪರದೆಯ ಕೆಲಸವೇ ಇದರದೂ ಎಂದಾಯಿತು. ಒಂದು ವಸ್ತುವಿನ ಉಪಯೋಗವು ಒಂದೇ ಆಗಿರಬೇಕಿಲ್ಲವಾದುದರಿಂದ, ಹಿಂದಿನ ಊಹೆಯು ಇದರಿಂದ ಬಿದ್ದುಹೋಗುವುದಿಲ್ಲ.

ಇನ್ನು, ಈ ನಿಶ್ಚಲತೆಯು ನಿಜವಾದ ನಿದ್ರೆಯೆ, ಬರಿಯ ವಿಶ್ರಾಂತಿಯೆ? ಪ್ರಚೋದನೆಗೆ ತಡವಾಗಿ ಪ್ರತಿಕ್ರಿಯಿಸುವುದು, ನಿದ್ರೆಗೆಟ್ಟರೆ ಮುಂದೆ ಹೆಚ್ಚಾಗಿ ನಿದ್ರಿಸುವುದು ಮುಂತಾದುವು ನಿದ್ರೆಯ ಲಕ್ಷಣಗಳೆಂದು ವಿಜ್ಞಾನಿಗಳು ಪರಿಗಣಿಸುತ್ತಾರೆ. ಕಡಲ ಮೀನಲ್ಲದಿದ್ದರೂ, ಸಿಹಿನೀರಿನ ಜೀಬ್ರಾಮೀನಿನ ಪಾರದರ್ಶಕ ಮರಿಗಳ ಮಿದುಳನ್ನು ಪರೀಕ್ಷಿಸಿದ ಸಂಶೋಧಕರು, ಸ್ತನಿಗಳ ನಿದ್ರೆಯನ್ನು ಹೋಲುವ ಎರಡು ಅವಸ್ಥೆಗಳನ್ನು 2019ರಲ್ಲಿ ಪ್ರಕಟಪಡಿಸಿದರು. ನಡವಳಿಕೆಯನ್ನು ನೋಡಿ ಅರಿಸ್ಟಾಟಲನು ಮಾಡಿದ ಅನುಮಾನಕ್ಕೆ ಹೀಗೆ ಮಿದುಳಿನ ಸಾಕ್ಷ್ಯವೂ ಕೂಡಿಬಂದಿತು.

ಎರಡನೆಯ ಪ್ರಶ್ನೆಯು ಸಾಕುವವರ ಹೊಣೆಗೆ ಸಂಬಂಧಿಸಿದುದು. ಹೊಸದಾಗಿ ತಂದ ರಾಸ್ ಮೀನು ಮರಳಿನಲ್ಲಿ ಹುದುಗಿ ಕೆಲವು ದಿನ ಹೊರಬಾರದಿರುವುದುಂಟು. ಅದು ಸತ್ತಿತೆಂದು ಬಗೆದು ಮರಳನ್ನು ಕೆದಕುವುದರಿಂದ, ಬದುಕಿರುವ ಜೀವಕ್ಕೇ ಅಪಾಯವುಂಟಾಗುತ್ತದೆ. ಹುದುಗುವ ಮೀನಿಗೆ ಮರಳಿಲ್ಲದ ತೊಟ್ಟಿಯೂ, ಬಿರುಕನ್ನು ಬಯಸುವ ಮೀನಿಗೆ ಬಂಡೆಯಿಲ್ಲದ ತೊಟ್ಟಿಯೂ, ಯಾವ ಮೀನಿಗಾದರೂ ರಾತ್ರಿಯೆಲ್ಲ ಉರಿಯುವ ದೀಪವೂ ಹಿಂಸೆಯೇ ಸರಿ. ನೋಡುವವರ ಸಂತೋಷಕ್ಕಾಗಿ ಮೀನಿನ ಮರೆಯನ್ನು ಕಿತ್ತುಕೊಂಡರೆ ಅದರ ಆಯುಷ್ಯವನ್ನೂ ಕಿತ್ತುಕೊಂಡಂತಾಗಬಹುದು. ಕಾಲೇಜುಗಳಲ್ಲಿ ಇಂತಹ ತೊಟ್ಟಿಗಳನ್ನಿಡುವವರು ಮೀನಿನ ಹಗಲಿಗೆ ಕೊಡುವಷ್ಟೇ ಗಮನವನ್ನು ಅದರ ರಾತ್ರಿಗೂ ಕೊಡುವುದು ಉಚಿತ.